ರೋಗಿಯನ್ನು ಮಾತನಾಡಿಸಲು ಬರುವವರು

ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಕಾಯಿಲೆಯಾದವರ ಮನೆಗೆ ಹೋಗಿಬರುವುದನ್ನು ಕುರಿತು ಒಂದು ಮಾತುಂಟು. "ಹೋಗಿ ಮಾತನಾಡಿಸಿಕೊಂಡು ಬರಬೇಕು" ಎನ್ನುತ್ತಾರೆ. ನೋಡುವುದಲ್ಲ, ವಿಚಾರಿಸುವುದಲ್ಲ, ಮಾತನಾಡಿಸುವುದು. ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿ ಹೋಬಳಿಯಲ್ಲಿ ಒಬ್ಬರಿಗೆ ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆಯಾಯಿತೆಂದರೆ, ಆ ಸುದ್ದಿಯು ಸಾಯಂಕಾಲ ಹಾಲಿನ ಡೈರಿಯ ಮುಂದೆ ಕ್ಯಾನುಗಳ ಸಾಲಿನಲ್ಲಿ ನಿಂತವರ ಬಾಯಿಂದ ಬಾಯಿಗೆ ಹರಿದು, ಮರುದಿನ ಪಕ್ಕದ ಮಾಲೂರು ತಾಲ್ಲೂಕಿನ ಬೀಗರ ಊರನ್ನು ಮುಟ್ಟಿರುತ್ತದೆ. ರೋಗಿಯು ಮನೆಗೆ ಬಂದು ಮಂಚದ ಮೇಲೆ ಮಲಗುವುದಕ್ಕೆ ಮೊದಲೇ, ಎಳನೀರು, ಮೋಸಂಬಿ, ಬ್ರೆಡ್ಡು, ಹಾರ್ಲಿಕ್ಸ್ ಇವುಗಳನ್ನು ಹಿಡಿದುಕೊಂಡ ನಾಲ್ಕು ಜನ ಜಗುಲಿಯ ಮೇಲೆ ಕುಳಿತಿದ್ದರೆ ಆಶ್ಚರ್ಯವಿಲ್ಲ. ಅವರು ಬಂದಿರುವುದು ಮಾತನಾಡಿಸುವುದಕ್ಕೆ. ಆದರೆ ಹೊಟ್ಟೆಯನ್ನು ಕೊಯ್ದು ಹೊಲಿಸಿಕೊಂಡ ಮನುಷ್ಯನಿಗೆ ಆ ವಾರದಲ್ಲಿ ಅತ್ಯಂತ ಪ್ರಯಾಸದ ಕೆಲಸವೇ ಮಾತು.

ಇಂಥ ಸಂದರ್ಭದಲ್ಲಿ ಬಂದವರ ಮನಸ್ಸು ನೋಯದಂತೆ, ರೋಗಿಯ ವಿಶ್ರಾಂತಿಯೂ ಕೆಡದಂತೆ, ಭೇಟಿಯನ್ನು ಮುಂದಕ್ಕೆ ಹಾಕುವುದು ಹೇಗೆಂಬುದೇ ಪ್ರಸ್ತುತ ವಿಷಯ. ಪಟ್ಟಣದಲ್ಲಿರುವ ನಮಗೆ ಇದೊಂದು ಸಮಸ್ಯೆಯೆಂದೇ ತೋರದಿರಬಹುದು. ಬಾಗಿಲು ಹಾಕಿಕೊಂಡು, ಮೊಬೈಲನ್ನು ಆರಿಸಿಟ್ಟರೆ ಆಯಿತಲ್ಲವೆ? ಹಾಗೆ ಮಾಡುವವರು ಹಲವರಿದ್ದಾರೆ. ಆದರೆ ನಮ್ಮಲ್ಲಿ ಬಹುಮಂದಿಗೆ ಒಂದು ಜಡಿಗೇನಹಳ್ಳಿ ಇದ್ದೇ ಇದೆ. ಅಲ್ಲಿ ತಾಯಿ ಇದ್ದಾಳೆ, ಅಥವಾ ಅಣ್ಣ ಇದ್ದಾನೆ, ಅಥವಾ ಶಸ್ತ್ರಚಿಕಿತ್ಸೆಯ ತರುವಾಯ ಗಾಳಿ ಬದಲಾಗಲೆಂದು ನಾವೇ ಹೋಗಿ ಮಲಗುವ ಹಳೆಯ ಮನೆ ಇದೆ. ಅಲ್ಲಿ ಪಟ್ಟಣದ ಉಪಾಯವು ನಡೆಯುವುದಿಲ್ಲ. ನಡೆದರೂ ಅದರ ಬೆಲೆಯನ್ನು ನಾವಲ್ಲ, ಅಲ್ಲಿ ಉಳಿಯುವವರು ತೆರುತ್ತಾರೆ.

ಏಕೆಂದರೆ ಈ ಬರುವಿಕೆಯು ಕಾಲಹರಣವಲ್ಲ. ಅದೊಂದು ಸಾಲದ ಸಂದಾಯ. ಮದುವೆಯಲ್ಲಿ ಮುಯ್ಯಿ ಹಾಕಿದವರ ಹೆಸರನ್ನು ಪುಸ್ತಕದಲ್ಲಿ ಬರೆದಿಡುತ್ತಾರಷ್ಟೆ. ಕಾಯಿಲೆಯ ಕಾಲದಲ್ಲಿ ಬಂದವರ ಹೆಸರನ್ನು ಯಾರೂ ಬರೆದಿಡುವುದಿಲ್ಲ, ಆದರೆ ಯಾರೂ ಮರೆಯುವುದೂ ಇಲ್ಲ. "ನಾನು ಸಾಯೋ ಹಂಗಿದ್ದಾಗ ಒಂದ್ಸಲನೂ ಇಣುಕ್ಲಿಲ್ಲ" ಎಂಬ ದೂರು ಇಪ್ಪತ್ತು ವರ್ಷಗಳಾದರೂ ಮಾಸದೆ ನಿಲ್ಲುತ್ತದೆ. ಮದುವೆಗೆ ಬಾರದವರಿಗೆ ಕ್ಷಮೆ ಉಂಟು. ಅವರಿಗೆ ಬೇರೊಂದು ಮದುವೆ ಇದ್ದಿರಬಹುದು. ಕಾಯಿಲೆಗೆ ಬಾರದವರಿಗೆ ಅಂಥ ನೆಪ ಸಿಕ್ಕುವುದು ಕಷ್ಟ. ಹೀಗಿರುವಲ್ಲಿ, ಬಾಗಿಲಿಗೆ ಬಂದವನನ್ನು "ಈಗ ನೋಡುವ ಹಾಗಿಲ್ಲ" ಎಂದು ಕಳುಹಿಸಿಬಿಟ್ಟರೆ, ಅವನು ತನ್ನ ಸಾಲವನ್ನು ತೀರಿಸಲು ಬಂದಾಗ ನಾವು ಹಣವನ್ನು ಮುಟ್ಟದೆ ಹಿಂದಕ್ಕೆ ತಳ್ಳಿದಂತಾಯಿತು. ಅವನಿಗಾಗುವ ಅಪಮಾನಕ್ಕೆ ಇದು ಕಾರಣ. ರೋಗಿಯ ಮುಖವನ್ನು ಕಾಣಲಾಗಲಿಲ್ಲವೆಂಬ ದುಃಖ ಅದರಲ್ಲಿ ಅಲ್ಪಭಾಗ ಮಾತ್ರ.

ಇನ್ನು ಮಂಚದ ಮೇಲಿರುವವನ ಸ್ಥಿತಿಯನ್ನು ನೋಡೋಣ. ಚರ್ಮವನ್ನು ಕೊಯ್ದು ಹೊಲಿದ ಮೇಲೆ ಅದರ ಅಂಚುಗಳು ಒಂದೆರಡು ದಿನಗಳಲ್ಲಿ ಮೇಲ್ಮೇಲೆ ಕೂಡಿಕೊಳ್ಳುತ್ತವೆ. ಮೊದಲ ನಾಲ್ಕೈದು ದಿನ ಗಾಯದ ಸುತ್ತ ಬಿಸಿ, ಊತ, ನೋವು ಇರುವುದು ಸಹಜ. ದೇಹವು ಸತ್ತ ಕಣಗಳನ್ನೂ ಕ್ರಿಮಿಗಳನ್ನೂ ಗುಡಿಸಿ ಹಾಕುವ ಕಾಲವದು. ಆ ಬಳಿಕ ಸುಮಾರು ಮೂರು ವಾರಗಳವರೆಗೆ ಹೊಸ ತಂತುಗಳು ಹುಟ್ಟಿ ಗಾಯದೊಳಗಣ ತೆರಪನ್ನು ತುಂಬುತ್ತವೆ. ಅನಂತರ ತಿಂಗಳುಗಟ್ಟಲೆ, ಕೆಲವು ವೇಳೆ ವರ್ಷಕ್ಕೂ ಮೀರಿ, ಆ ತಂತುಗಳು ಬಿಗಿದುಕೊಂಡು ಗಟ್ಟಿಯಾಗುತ್ತ ಹೋಗುತ್ತವೆ. ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಹೊಲಿಗೆಯನ್ನು ಬಿಚ್ಚುವುದು ಸಾಮಾನ್ಯವಾಗಿ ಏಳರಿಂದ ಹದಿನಾಲ್ಕು ದಿನಗಳೊಳಗೆ. ಆ ಹೊತ್ತಿಗೆ ಗಾಯಕ್ಕೆ ಬಂದಿರುವ ಬಲ ಅತ್ಯಲ್ಪ. ಮೂರು ವಾರಗಳಾದ ಮೇಲೂ ಅದು ಮೊದಲಿನ ಚರ್ಮದ ಬಲದಲ್ಲಿ ಮೂರರಲ್ಲೊಂದು ಪಾಲನ್ನು ಮೀರುವುದಿಲ್ಲ. ಮೂರು ತಿಂಗಳ ಸುಮಾರಿಗೆ ನೂರಕ್ಕೆ 80ರ ಸಮೀಪಕ್ಕೆ ಬಂದು ಅಲ್ಲಿಯೇ ನಿಲ್ಲುತ್ತದೆ. ಪೂರ್ಣ ಬಲ ಮತ್ತೆ ಬರುವುದೇ ಇಲ್ಲ. ಊರಿನವರಾದರೋ "ಹೊಲಿಗೆ ಬಿಚ್ಚಿದರಂತೆ" ಎಂಬ ವಾರ್ತೆಯನ್ನು "ವಾಸಿಯಾಯಿತಂತೆ" ಎಂದು ಅರ್ಥಮಾಡಿಕೊಂಡು, ಅದುವರೆಗೆ ಸಂಕೋಚದಿಂದ ದೂರವಿದ್ದವರೂ ಆ ದಿವಸವೇ ಹೊರಡುತ್ತಾರೆ.

ಇದಕ್ಕಿಂತಲೂ ದೊಡ್ಡ ಗೊಂದಲವನ್ನುಂಟುಮಾಡುವುದು ನಡಿಗೆ. ಹಿಂದೆ ಶಸ್ತ್ರಚಿಕಿತ್ಸೆಯಾದವನನ್ನು ದಿನಗಟ್ಟಲೆ ಅಲುಗಾಡದಂತೆ ಮಲಗಿಸುತ್ತಿದ್ದರು. ಇಂದಿನ ವೈದ್ಯರು ಮರುದಿನವೇ, ಎಷ್ಟೋ ವೇಳೆ ಅದೇ ಸಂಜೆಯೇ, ಎಬ್ಬಿಸಿ ನಾಲ್ಕು ಹೆಜ್ಜೆ ಹಾಕಿಸುತ್ತಾರೆ. ಕಾಲಿನ ರಕ್ತನಾಳಗಳಲ್ಲಿ ನೆತ್ತರು ಹೆಪ್ಪುಗಟ್ಟದಿರಲಿ, ಶ್ವಾಸಕೋಶದಲ್ಲಿ ಕಫ ನಿಲ್ಲದಿರಲಿ, ಕರುಳು ಬೇಗನೆ ತನ್ನ ಕೆಲಸವನ್ನು ಆರಂಭಿಸಲಿ ಎಂಬುದು ಇದರ ಉದ್ದೇಶ. ಹೀಗೆ ಬೆಳಗ್ಗೆ ಅಂಗಳದಲ್ಲಿ ನಡೆದಾಡಿದವನನ್ನು ಎದುರುಮನೆಯವರು ಕಂಡಿರುತ್ತಾರೆ. ಹತ್ತು ಗಂಟೆಗೆ ಅವರು ಬಂದಾಗ "ಮಲಗಿದ್ದಾರೆ, ಎಬ್ಬಿಸುವಂತಿಲ್ಲ" ಎಂದರೆ ನಂಬುವುದು ಹೇಗೆ? ಓಡಾಡುವವನಿಗೆ ಎರಡು ಮಾತನಾಡುವುದಕ್ಕೆ ಏನು ಕಷ್ಟ? ಆದರೆ ನಡೆಯುವುದು ಔಷಧ, ಕುಳಿತು ಮಾತನಾಡುವುದು ದುಡಿಮೆ. ಹೊಟ್ಟೆಯ ಸ್ನಾಯುಗಳನ್ನು ಕೊಯ್ದಿದ್ದಾಗ ನಗುವುದೂ, ಗಟ್ಟಿಯಾಗಿ ಮಾತನಾಡುವುದೂ, ಬಂದವರ ಕಡೆಗೆ ಹೊರಳುವುದೂ, ಹಿರಿಯರು ಬಂದರೆಂದು ಎದ್ದು ಕೂಡುವುದೂ ಗಾಯವನ್ನು ಎಳೆಯುತ್ತವೆ. ಅರಿವಳಿಕೆಯ ಮಂಪರು ಹರಿದ ಮೇಲೂ ದೇಹದ ಬಳಲಿಕೆ ವಾರಗಳವರೆಗೆ ಉಳಿಯುವುದುಂಟು. ಅರ್ಧ ಗಂಟೆಯ ಮರ್ಯಾದೆಯ ಸಂಭಾಷಣೆಯ ಬಳಿಕ ಒಂದು ಮಧ್ಯಾಹ್ನವೆಲ್ಲ ಅದನ್ನು ತೀರಿಸಬೇಕಾಗುತ್ತದೆ.

ಸೋಂಕಿನ ಮಾತನ್ನು ಸಂಕ್ಷೇಪವಾಗಿ ಹೇಳುತ್ತೇನೆ, ಅದು ಎಲ್ಲರೂ ಬಲ್ಲದ್ದು. ಗಾಯದಲ್ಲಿ ಕೀವು ಕಾಣಿಸಿಕೊಳ್ಳುವ ಅಪಾಯವನ್ನು ವೈದ್ಯರು ಶಸ್ತ್ರಚಿಕಿತ್ಸೆಯ ದಿನದಿಂದ 30 ದಿನಗಳವರೆಗೆ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ದೇಹದೊಳಗೆ ಲೋಹದ ಕೀಲು ಮುಂತಾದ್ದನ್ನು ಇಟ್ಟಿದ್ದರೆ 90 ದಿನಗಳವರೆಗೂ. ಕೆಮ್ಮು ನೆಗಡಿಗಳುಳ್ಳವರು ದೂರವಿರಬೇಕೆಂಬುದಕ್ಕೆ ಇನ್ನೊಂದು ಕಾರಣವೂ ಇದೆ. ಅವರ ಕೆಮ್ಮು ರೋಗಿಗೆ ಹತ್ತಿದರೆ, ಆ ಕೆಮ್ಮಿನ ಒಂದೊಂದು ಹೊಡೆತವೂ ಹೊಲಿಗೆಯ ಮೇಲೆ ಬೀಳುತ್ತದೆ.

ನನ್ನ ದೃಷ್ಟಿಯಲ್ಲಿ ಇವೆಲ್ಲಕ್ಕಿಂತ ಗಂಭೀರವಾದ ವಿಚಾರ ಬೇರೊಂದಿದೆ. ರೋಗಿಯು ಆ ಮನೆಯ ಗೃಹಿಣಿಯೇ ಆಗಿದ್ದರೆ ಏನಾಗುತ್ತದೆ? ನಮ್ಮ ಹಳ್ಳಿಗಳಲ್ಲಿ ಗರ್ಭಕೋಶವನ್ನು ತೆಗೆಯಿಸಿಕೊಂಡು ಮನೆಗೆ ಬರುವ ಹೆಂಗಸರು ಅಪರೂಪವಲ್ಲ. ಸುಮಾರು ಆರು ವಾರ ಭಾರವನ್ನೆತ್ತಕೂಡದೆಂದು ಆಕೆಗೆ ಹೇಳಿ ಕಳುಹಿಸಿರುತ್ತಾರೆ. ಗಂಡಸು ರೋಗಿಯಾದಾಗ ಬಂದವರಿಗೆ ಕಾಫಿ ಕೊಡಲು ಹೆಂಡತಿಯಿದ್ದಾಳೆ. ಹೆಂಡತಿಯೇ ರೋಗಿಯಾದಾಗ ಬಂದವರಿಗೆ ಕಾಫಿ ಕೊಡುವವರು ಯಾರು? ನಾಲ್ವರು ನೆಂಟರು ಬಂದು ಕುಳಿತಿದ್ದಾರೆ. ಗಂಡ ಹೊಲಕ್ಕೆ ಹೋಗಿದ್ದಾನೆ. ಅತ್ತೆಗೆ ಮೊಣಕಾಲು ನೋವು. "ನೀನು ಏಳಬೇಡ ಮಲಿಕ್ಕೊಳ್ಳಮ್ಮ" ಎಂದು ಬಂದವರು ಮನಃಪೂರ್ವಕವಾಗಿಯೇ ಹೇಳುತ್ತಾರೆ. ಆಕೆ ಏಳುತ್ತಾಳೆ. ಏಳದಿದ್ದರೆ ನಾಳೆ ಡೈರಿಯ ಮುಂದೆ ಏನು ಮಾತು ಹೊರಡುವುದೆಂಬುದನ್ನು ಆಕೆ ಬಲ್ಲಳು. ನೀರು ತುಂಬಿದ ಬಿಂದಿಗೆಯನ್ನು ಎತ್ತುತ್ತಾಳೆ, ಬಗ್ಗಿ ಹಾಲಿನ ಪಾತ್ರೆಯನ್ನು ಇಳಿಸುತ್ತಾಳೆ. ಹೀಗೆ, ಆಕೆಯ ಯೋಗಕ್ಷೇಮವನ್ನು ಕೇಳುವುದಕ್ಕೆಂದು ಬಂದವರ ಕಣ್ಣೆದುರಿಗೇ ಆಕೆಯ ಕ್ಷೇಮಕ್ಕೆ ಕುಂದು ಬರುತ್ತದೆ. ಇದರಲ್ಲಿ ದುಷ್ಟರು ಯಾರೂ ಇಲ್ಲ. ಆದುದರಿಂದಲೇ ಇದನ್ನು ತಡೆಯುವುದು ಕಷ್ಟ.

ಹಾಗಾದರೆ ಬಂದವರನ್ನು ತಡೆಯುವ ವಿದ್ಯೆ ನಮ್ಮವರಿಗೆ ತಿಳಿಯದೆ? ತಿಳಿಯದೇನು, ಚೆನ್ನಾಗಿ ತಿಳಿದಿದೆ. ಮನೆಯಲ್ಲಿ ಯಾರಿಗಾದರೂ 'ಅಮ್ಮ' ಆದಾಗ ಬಾಗಿಲಿಗೆ ಬೇವಿನ ಸೊಪ್ಪನ್ನು ಸಿಕ್ಕಿಸುತ್ತಾರೆ. ಸೊಪ್ಪನ್ನು ಕಂಡವರು ಹೊಸ್ತಿಲಾಚೆಯೇ ನಿಂತು ನಾಲ್ಕು ಮಾತನಾಡಿ ಹಿಂದಿರುಗುತ್ತಾರೆ. ತಮ್ಮನ್ನು ಒಳಗೆ ಕರೆಯಲಿಲ್ಲವೆಂದು ಒಬ್ಬರೂ ಮುನಿಸಿಕೊಂಡುದಿಲ್ಲ. ಸಿಡುಬು ಭಾರತದಿಂದ ನಿರ್ಮೂಲವಾಯಿತೆಂದು 1977ರಲ್ಲಿ ಘೋಷಿತವಾಯಿತು; ಆದರೆ ಸೀತಾಳೆ ಸಿಡುಬಿಗೆ ಇಂದಿಗೂ ಆ ಸೊಪ್ಪಿನ ಮರ್ಯಾದೆ ಸಲ್ಲುತ್ತಿದೆ. ಬಾಣಂತಿಯ ಕೋಣೆಯೂ ಹೀಗೆಯೇ. ಪುರುಡು ಕಳೆಯುವವರೆಗೆ ಹೊರಗಿನವರು ಒಳಗೆ ಹೋಗುವುದಿಲ್ಲ. ಕಿವಿಗೆ ಬಟ್ಟೆ ಕಟ್ಟಿಕೊಂಡ ಬಾಣಂತಿಯು ಹೆಚ್ಚು ಮಾತನಾಡಲೆಂದು ಯಾರೂ ನಿರೀಕ್ಷಿಸುವುದಿಲ್ಲ. ಆಕೆ ಎದ್ದು ಕಾಫಿ ಕಾಯಿಸಲೆಂದು ಅತ್ಯಂತ ಕಠಿಣಳಾದ ನಾದಿನಿಯೂ ಬಯಸುವುದಿಲ್ಲ. ಈ ಕಟ್ಟಳೆಗಳಿಗೆ ಹೇಳುವ ಕಾರಣಗಳು ಹೇಗಾದರೂ ಇರಲಿ, ಅವುಗಳ ಒಂದು ಗುಣವನ್ನು ಮೆಚ್ಚಲೇಬೇಕು. ಅಲ್ಲಿ 'ಬೇಡ' ಎನ್ನುವವರು ಮನೆಯವರಲ್ಲ. ಸೊಪ್ಪು, ಇಲ್ಲವೆ ಸಂಪ್ರದಾಯ. ಮನೆಯವರು ಬಂದವರೊಡನೆ ಸೇರಿ ತಾವೂ ಅದಕ್ಕೆ ತಲೆಬಾಗುತ್ತಾರೆ.

ಶಸ್ತ್ರಚಿಕಿತ್ಸೆಗೆ ಅಂಥ ಸೊಪ್ಪಿಲ್ಲ. ಏಕೆಂದರೆ ಅದು ನಮ್ಮ ಮನೆಗಳಿಗೆ ತೀರ ಹೊಸಬ. ಈಥರಿನ ಅರಿವಳಿಕೆಯನ್ನು ಬೋಸ್ಟನ್ನಿನಲ್ಲಿ ಬಹಿರಂಗವಾಗಿ ತೋರಿಸಿಕೊಟ್ಟದ್ದು 1846ರಲ್ಲಿ. ಲಿಸ್ಟರನು ಗಾಯಗಳನ್ನು ಕಾರ್ಬಾಲಿಕ್ ಆಮ್ಲದಿಂದ ಶುದ್ಧವಾಗಿಡುವ ವಿಧಾನವನ್ನು ಪ್ರಕಟಿಸಿದ್ದು 1867ರಲ್ಲಿ. ಬೆಂಗಳೂರಿನ ವಿಕ್ಟೋರಿಯ ಆಸ್ಪತ್ರೆ ಆರಂಭವಾದದ್ದು 1900ರಲ್ಲಿ. ಆ ಮೇಲೆ ಬಹುಕಾಲ ರೋಗಿಯು ಗಾಯ ಮಾಯುವವರೆಗೆ ಆಸ್ಪತ್ರೆಯಲ್ಲಿಯೇ ಇರುತ್ತಿದ್ದ. ಅಲ್ಲಿ ಗೇಟಿತ್ತು, ಗೇಟಿಗೊಬ್ಬ ಕಾವಲುಗಾರನಿದ್ದ, ನೋಡುವ ವೇಳೆಯೆಂಬುದೊಂದಿತ್ತು, ವೇಳೆ ಮುಗಿದೊಡನೆ ಗದರಿಸುವ ದಾದಿಯಿದ್ದಳು. ಸೊಪ್ಪಿನ ಕೆಲಸವನ್ನು ಅವರು ಮಾಡುತ್ತಿದ್ದರು. 1985ರಲ್ಲಿ ಜರ್ಮನಿಯ ಎರಿಕ್ ಮ್ಯೂಹೆ ಎಂಬ ವೈದ್ಯನು ಸಣ್ಣ ರಂಧ್ರಗಳ ಮೂಲಕ ಪಿತ್ತಕೋಶವನ್ನು ತೆಗೆದ. ಆ ಮಾರ್ಗವು ಲೋಕವನ್ನೆಲ್ಲ ವ್ಯಾಪಿಸಿದ ಮೇಲೆ, ವಾರಗಟ್ಟಲೆ ಮಲಗುತ್ತಿದ್ದ ರೋಗಿಗಳು ಎರಡು ಮೂರು ದಿನಗಳಲ್ಲಿ ಮನೆ ಸೇರತೊಡಗಿದರು. ಇದು ಉಪಕಾರವೇ ಸರಿ. ಆದರೆ ರೋಗಿಯೊಡನೆ ಗೇಟೂ ಕಾವಲುಗಾರನೂ ಮನೆಗೆ ಬರಲಿಲ್ಲ. ಆಸ್ಪತ್ರೆಯು ಮಾಡುತ್ತಿದ್ದ ನಿಷ್ಠುರದ ಕೆಲಸವು ಸದ್ದಿಲ್ಲದೆ ಮನೆಯವರ ಪಾಲಿಗೆ ಬಂದಿತು.

ಈ ಕೆಲಸವನ್ನು ಹೇಗೆ ಮಾಡಬಹುದೆಂಬುದಕ್ಕೆ ಇಬ್ಬರು ಮಹನೀಯರ ಉದಾಹರಣೆಗಳನ್ನು ನೋಡಬಹುದು. ಮೊದಲನೆಯವರು ಫ್ಲಾರೆನ್ಸ್ ನೈಟಿಂಗೇಲ್. ಕ್ರಿಮಿಯದ ಯುದ್ಧದಿಂದ ಹಿಂದಿರುಗಿದ ಮೇಲೆ, 1857ರಿಂದ ಮೊದಲುಗೊಂಡು, ಆಕೆ ಬಹುವರ್ಷಗಳು ಕೋಣೆಯನ್ನು ಬಿಟ್ಟು ಹೊರಗೆ ಬಂದುದೇ ಅಪೂರ್ವ. ಆದರೂ ಆ ಕೋಣೆಯಿಂದಲೇ ಸೈನ್ಯದ ಮತ್ತು ಭಾರತದ ಆರೋಗ್ಯವ್ಯವಸ್ಥೆಯನ್ನು ಕುರಿತ ಅಪಾರವಾದ ಬರೆವಣಿಗೆಯು ಹೊರಬಿತ್ತು. ಇದು ಸಾಧ್ಯವಾದದ್ದು ಭೇಟಿಗಳ ಕಟ್ಟುಪಾಡಿನಿಂದ. ಮೊದಲೇ ವೇಳೆಯನ್ನು ಗೊತ್ತುಮಾಡಿಕೊಂಡವರನ್ನು ಮಾತ್ರ, ಅದೂ ಒಂದು ಸಲಕ್ಕೆ ಒಬ್ಬರನ್ನೇ, ಆಕೆ ನೋಡುತ್ತಿದ್ದುದು. 1859ರ ಶುಶ್ರೂಷೆಯ ಗ್ರಂಥದಲ್ಲಿ ಆಕೆ ಭೇಟಿಗಾರರಿಗೆ ಹೇಳಿರುವ ಬುದ್ಧಿವಾದಗಳು ಇಂದಿಗೂ ಹಳಸಿಲ್ಲ. ರೋಗಿಯ ಕಣ್ಣಿಗೆ ನೇರವಾಗಿ ಕಾಣುವಂತೆ ಕುಳಿತುಕೊಳ್ಳಬೇಕು, ಅವನು ಕತ್ತನ್ನು ಹೊರಳಿಸುವಂತಾಗಬಾರದು. ಬೆನ್ನ ಹಿಂದಿನಿಂದಾಗಲಿ ಬಾಗಿಲಿನಿಂದಾಗಲಿ ಮಾತನಾಡಿಸಬಾರದು. ಹಾಸಿಗೆಯ ಮೇಲೆ ಕೂರಬಾರದು, ಅದಕ್ಕೆ ಒರಗಲೂಬಾರದು. ಸುಳ್ಳು ಧೈರ್ಯವನ್ನೂ ಕೇಳದ ಸಲಹೆಯನ್ನೂ ಸುರಿಯುವವರನ್ನು ಖಂಡಿಸುವುದಕ್ಕೆ ಒಂದು ಪೂರ್ಣ ಅಧ್ಯಾಯವನ್ನೇ ಮೀಸಲಾಗಿಟ್ಟಿದ್ದಾಳೆ. ಆಕೆ ನಮ್ಮ ಕಡೆಯ ಭೇಟಿಗಾರರನ್ನು ಕಂಡಿರಲಿಲ್ಲ. ಬೇಳೆ ನಂಜು, ಬದನೆಕಾಯಿ ನಂಜು, ಮೊಟ್ಟೆ ತಿಂದರೆ ಕೀವಾಗುತ್ತದೆ ಎಂದು ಒಬ್ಬೊಬ್ಬರು ಒಂದೊಂದನ್ನು ತಟ್ಟೆಯಿಂದ ತೆಗೆಯಿಸಿ, ಕೊನೆಗೆ ಬ್ರೆಡ್ಡನ್ನೂ ಗಂಜಿಯನ್ನೂ ಉಳಿಸುವುದನ್ನು ಕಂಡಿದ್ದರೆ ಎರಡನೆಯ ಅಧ್ಯಾಯವನ್ನು ಬರೆಯುತ್ತಿದ್ದಳೋ ಏನೋ. ಗಾಯ ಮಾಯುವುದಕ್ಕೆ ಬೇಕಾದ ಪ್ರೋಟೀನು ಇರುವುದು ಆ ಬೇಳೆಯಲ್ಲಿ, ಆ ಮೊಟ್ಟೆಯಲ್ಲಿ.

ಎರಡನೆಯವರು ಗಾಂಧಿಯವರು. ಅವರ ಬಾಗಿಲಿಗೆ ಬರುತ್ತಿದ್ದವರನ್ನು ತಡೆಯುವುದು ನಮ್ಮ ನೆಂಟರಿಷ್ಟರನ್ನು ತಡೆಯುವುದಕ್ಕಿಂತ ಎಷ್ಟು ಮಡಿ ಕಷ್ಟವಾಗಿದ್ದಿರಬೇಕೆಂಬುದನ್ನು ಊಹಿಸಬಹುದು. 1924ರ ಜನವರಿ 12ರ ರಾತ್ರಿ ಪುಣೆಯ ಸಾಸೂನ್ ಆಸ್ಪತ್ರೆಯಲ್ಲಿ ಕರ್ನಲ್ ಮ್ಯಾಡಕ್ ಎಂಬ ವೈದ್ಯರು ಅವರ ಅಪೆಂಡಿಕ್ಸನ್ನು ತೆಗೆದರು. ನಡುವೆ ವಿದ್ಯುದ್ದೀಪ ಆರಿಹೋಗಿ, ಲಾಂದ್ರದ ಬೆಳಕಿನಲ್ಲಿ ಕೆಲಸ ಮುಗಿಯಿತು. ಅವರು ಆಗ ಯೆರವಾಡದ ಸೆರೆಯಾಳು; ಫೆಬ್ರವರಿ 5ರಂದು ಬಿಡುಗಡೆಯಾಯಿತು. ಮಾರ್ಚಿಯಲ್ಲಿ ಚೇತರಿಸಿಕೊಳ್ಳಲೆಂದು ಮುಂಬಯಿಯ ಹತ್ತಿರದ ಜುಹು ಕಡಲತೀರಕ್ಕೆ ಹೋದರೆ, ಅಲ್ಲಿಗೂ ಜನ ತಂಡತಂಡವಾಗಿ ಬರತೊಡಗಿದರು. ಆಗ ಅವರು ಸಾರ್ವಜನಿಕರಿಗೆ ಒಂದು ವಿಜ್ಞಾಪನೆಯನ್ನು ಪ್ರಕಟಿಸಿದರು. ಅದರ ತಾತ್ಪರ್ಯವಿಷ್ಟು: ತಮ್ಮಲ್ಲಿ ಉಳಿದಿರುವ ಶಕ್ತಿಯೆಂಬ ಬಂಡವಾಳ ಅಲ್ಪ, ಅದನ್ನು ಸೇವೆಗಾಗಿಯೇ ವೆಚ್ಚಮಾಡಬೇಕೆಂದು ಆಸೆ, ಎರಡು ವಾರಪತ್ರಿಕೆಗಳ ಸಂಪಾದಕತ್ವವನ್ನು ಮತ್ತೆ ವಹಿಸಿಕೊಳ್ಳಬೇಕಾಗಿದೆ, ಬಂದವರನ್ನು ಉಪಚರಿಸುವುದರಲ್ಲಿಯೇ ಹೊತ್ತು ಕಳೆದರೆ ಆ ಕೆಲಸ ಆಗದು. 'ನಾನು ಕಾಯಿಲೆಯವನು, ಕನಿಕರಿಸಿ' ಎಂಬ ಮಾತು ಇದರಲ್ಲಿಲ್ಲ. 'ಬರಬೇಡಿ' ಎಂಬ ಬಿರುಸೂ ಇಲ್ಲ. ತಮ್ಮ ಶಕ್ತಿ ಎಷ್ಟಿದೆ, ಅದು ಯಾತಕ್ಕೆ ಬೇಕಾಗಿದೆ ಎಂಬ ಲೆಕ್ಕವನ್ನು ಬಂದವರ ಮುಂದೆ ಬಿಚ್ಚಿಟ್ಟಿದ್ದಾರೆ. ಲೆಕ್ಕವನ್ನು ತೋರಿಸಿದವನ ಮೇಲೆ ಕೋಪಿಸಿಕೊಳ್ಳುವುದು ಕಷ್ಟ.

ಮೂರು ವರ್ಷಗಳ ತರುವಾಯ ಅವರ ವಿಶ್ರಾಂತಿಯ ಭಾರವು ನಮ್ಮ ಸೀಮೆಯ ಮೇಲೆಯೇ ಬಿದ್ದಿತು. 1927ರ ಮಾರ್ಚಿಯ ಕೊನೆಯಲ್ಲಿ ಸಂಚಾರದ ನಡುವೆ ರಕ್ತದ ಒತ್ತಡವೇರಿ ಅವರು ಕುಸಿದರು. ವೈದ್ಯರು ಪೂರ್ಣ ವಿಶ್ರಾಂತಿಯನ್ನು ವಿಧಿಸಿದರು. ಏಪ್ರಿಲಿನ ಉತ್ತರಾರ್ಧದಿಂದ ಜೂನ್ ಮೊದಲ ವಾರದವರೆಗೆ ಅವರು ನಂದಿಬೆಟ್ಟದ ಮೇಲಿದ್ದರು. ಇದು ಶಸ್ತ್ರಚಿಕಿತ್ಸೆಯಲ್ಲವಾದರೂ ಚೇತರಿಕೆಯ ಕ್ರಮ ನೋಡತಕ್ಕದ್ದು. ಮೊದಲು ಸುಮಾರು 4,850 ಅಡಿ ಎತ್ತರದ ಬೆಟ್ಟ. ಅಲ್ಲಿ ಬಾಗಿಲಿನ ಕಾವಲನ್ನು ಬಹುಮಟ್ಟಿಗೆ ಬೆಟ್ಟವೇ ಕಾದಿರಬೇಕು. ಸುಮ್ಮನೆ ಇಣುಕಿ ಹೋಗೋಣವೆನ್ನುವವರು ಅಷ್ಟು ಎತ್ತರ ಏರುವುದಿಲ್ಲ. ಅನಂತರ ಬೆಂಗಳೂರಿನ ಕುಮಾರಪಾರ್ಕಿನ ಮನೆ. ಆ ಬಳಿಕ, ಶಕ್ತಿ ಕೂಡಿದಂತೆಲ್ಲ, ಸಂಸ್ಥಾನದಲ್ಲಿ ಸಂಚಾರ. ಅಷ್ಟು ಕಾಲವೂ ಅವರ ಪತ್ರಗಳು ನಿಲ್ಲಲಿಲ್ಲ; ಆಶ್ರಮದ ಸೋದರಿಯರಿಗೆ ವಾರವಾರವೂ ಬರೆಯುತ್ತಿದ್ದರು. ಭೇಟಿಯನ್ನು ನಿಲ್ಲಿಸುವುದು ಬೇರೆ, ಸಂಬಂಧವನ್ನು ನಿಲ್ಲಿಸುವುದು ಬೇರೆ.

ನಮಗೆ ಬೆಟ್ಟವಿಲ್ಲ, ಪತ್ರಿಕೆಯಿಲ್ಲ. ಜಡಿಗೇನಹಳ್ಳಿಯ ಒಂದು ಅಂಕಣದ ಮನೆಯಲ್ಲಿ ಏನು ಮಾಡಬಹುದು? ಮೊದಲನೆಯದಾಗಿ, ತಡೆಯಬೇಕಾದದ್ದು ಬರುವುದನ್ನಲ್ಲ, ಒಳಕೋಣೆಯನ್ನು ಹೊಗುವುದನ್ನು. ಬಂದವರನ್ನು ಜಗುಲಿಯ ಮೇಲೆ ಕೂರಿಸಿ, ನೀರು ಕೊಟ್ಟು, ಅವರು ತಂದ ಎಳನೀರನ್ನು ಸಂತೋಷದಿಂದ ತೆಗೆದುಕೊಳ್ಳಬೇಕು. ಮನೆಯವರೊಬ್ಬರು ಒಳಗೆ ಹೋಗಿ, "ಇಂಥವರು ಬಂದಿದ್ದಾರೆ" ಎಂದು ರೋಗಿಗೆ ತಿಳಿಸಿ, ಅವನ ಒಂದು ಮಾತನ್ನು ಹೊರಗೆ ತರಬೇಕು. "ನಿಮ್ಮ ಹೆಸರು ಹೇಳ್ದೆ ಚಿಕ್ಕಪ್ಪ, ಕಣ್ಣಲ್ಲಿ ನೀರು ಹಾಕ್ಕೊಂಡ್ರು. ಡಾಕ್ಟ್ರು ಹತ್ತು ದಿನ ಮಾತಾಡ್ಬೇಡಿ ಅಂದವ್ರೆ. ಬರೋ ಭಾನುವಾರ ಸಂಜೆ ಬನ್ನಿ, ಅವ್ರೇ ಹೊರಗೆ ಬಂದು ಕೂರ್ತಾರೆ." ಈ ಮಾತಿನಲ್ಲಿ ಮೂರು ಸಂಗತಿಗಳಿವೆ: ಬಂದದ್ದು ಒಳಗಿನವರಿಗೆ ಮುಟ್ಟಿದೆ, ಬೇಡವೆಂದವನು ವೈದ್ಯ, ದಿನ ಗೊತ್ತಾಗಿದೆ. ಸಾಲ ಸಂದಿತು, ರಸೀತಿಯೂ ಆಯಿತು.

ವೈದ್ಯರ ಹೆಸರನ್ನು ಹೇಳುವುದು ಸುಳ್ಳಾಗಬಾರದು. ಆಸ್ಪತ್ರೆಯಿಂದ ಹೊರಡುವ ದಿನ "ಎಷ್ಟು ದಿನ ಜನರನ್ನು ನೋಡಬಾರದು?" ಎಂದು ನಾವಾಗಿಯೇ ಕೇಳಬೇಕು. ಊಟ ಔಷಧಿಗಳನ್ನು ಕೇಳುವ ನಾವು ಇದನ್ನು ಕೇಳುವುದೇ ಇಲ್ಲ. ಸಾಧ್ಯವಾದರೆ ಚೀಟಿಯಲ್ಲಿ ಬರೆಯಿಸಿಕೊಂಡು ಬರುವುದು ಮತ್ತೂ ಒಳ್ಳೆಯದು. ಆ ಚೀಟಿಯೇ ನಮ್ಮ ಬೇವಿನ ಸೊಪ್ಪು. "ನಿದ್ದೆಯಲ್ಲಿದ್ದಾರೆ" ಎಂಬ ಸಿದ್ಧ ಉತ್ತರವನ್ನು ನಾನು ಮೆಚ್ಚುವುದಿಲ್ಲ. ಅದನ್ನು ಹೇಳಿ ಮುಗಿಸುವಷ್ಟರಲ್ಲಿ ಒಳಗಿನಿಂದ ರೋಗಿಯು ಕೆಮ್ಮಿ, "ಯಾರದು ಬಂದಿರೋದು?" ಎಂದು ಕೇಳುವುದು ವಾಡಿಕೆ.

ದಿನವನ್ನು ಗೊತ್ತುಮಾಡುವುದರಲ್ಲಿ ನಮ್ಮ ಜನಕ್ಕೆ ಹಳೆಯ ಪರಿಣತಿಯಿದೆ. ಭಿಕ್ಷುಕನಿಗೂ ನಾವು 'ಇಲ್ಲ' ಎನ್ನುವುದಿಲ್ಲ, 'ಮುಂದಕ್ಕೆ ಹೋಗಪ್ಪ' ಎನ್ನುತ್ತೇವೆ. 1990ರ ದಶಕದಲ್ಲಿ ರಾತ್ರಿ ಬಾಗಿಲು ತಟ್ಟುವ ದೆವ್ವವೊಂದರ ವದಂತಿ ಹಬ್ಬಿದಾಗ ಬೆಂಗಳೂರಿನಲ್ಲಿಯೂ ಸುತ್ತಲ ಹಳ್ಳಿಗಳಲ್ಲಿಯೂ ಬಾಗಿಲುಗಳ ಮೇಲೆ 'ನಾಳೆ ಬಾ' ಎಂದು ಬರೆದರು. ದೆವ್ವವು ಅದನ್ನು ಓದಿ ಹಿಂದಿರುಗುತ್ತದೆಂದು ನಂಬಿಕೆ. ದೆವ್ವಕ್ಕೂ 'ಬರಬೇಡ' ಎನ್ನದೆ ನಾಳೆಗೆ ಕರೆದ ಜನ ನಾವು. ಆದರೆ ನೆಂಟರ ವಿಷಯದಲ್ಲಿ ಒಂದು ವ್ಯತ್ಯಾಸವುಂಟು. ಆ ಬರೆಹದ ನಾಳೆಯು ಎಂದೂ ಬಾರದ ನಾಳೆ. ನಾವು ಹೇಳಿದ ಭಾನುವಾರವು ಬರುತ್ತದೆ, ಬಂದಾಗ ಮಾತನ್ನು ನಡೆಸಿಕೊಡಬೇಕು. "ಆಮೇಲೆ ನೋಡೋಣ" ಎಂಬುದು ದಿನವಲ್ಲ.

ಇದನ್ನು ಯಾರು ಹೇಳಬೇಕೆಂಬುದು ಏನು ಹೇಳಬೇಕೆಂಬುದಕ್ಕಿಂತ ಮುಖ್ಯ. ರೋಗಿಯೇ ಹೇಳಬಾರದು, ದಾಕ್ಷಿಣ್ಯಕ್ಕೆ ಸಿಕ್ಕಿ, "ಬನ್ನಿ ಬನ್ನಿ, ನನಗೇನಾಗಿದೆ" ಎಂದುಬಿಡುತ್ತಾನೆ. ಸೊಸೆಯ ಬಾಯಿಂದಂತೂ ಹೇಳಿಸಲೇಬಾರದು. ಅತ್ತೆಯನ್ನೋ ಮಾವನನ್ನೋ ನೋಡಲು ಬಿಡದವಳೆಂಬ ಹೆಸರು ಅವಳಿಗೆ ಅಂಟಿದರೆ ಅವಳ ಮಗಳ ಮದುವೆಯವರೆಗೂ ಹೋಗುವುದಿಲ್ಲ. ಮನೆಯ ಹಿರಿಯರೊಬ್ಬರು, ಇಲ್ಲವೆ ಬಂದವರಿಗೆ ಸಲಿಗೆಯುಳ್ಳ ನೆರೆಮನೆಯ ಅಣ್ಣನೊಬ್ಬನು ಜಗುಲಿಯ ಮೇಲೆ ಕುಳಿತು ಈ ಅಧಿಕಾರವನ್ನು ವಹಿಸಿಕೊಳ್ಳಬೇಕು. ಕಾಫಿಯ ಹೊಣೆಯೂ ರೋಗಿಯ ಮನೆಯ ಹೆಂಗಸರದಾಗದೆ ನೆರೆಯವರದಾದರೆ ಇನ್ನೂ ಲೇಸು. ಇನ್ನು, 'ಏನಾದರೂ ಬೇಕಿದ್ದರೆ ಹೇಳಿ' ಎಂದು ಬಂದವರು ಹೇಳುವ ಮಾತನ್ನು ಉಪಚಾರವೆಂದು ತಳ್ಳಿಬಿಡಬಾರದು. ಹೇಳಬೇಕು. ಸಂಜೆಯ ಹಾಲನ್ನು ಡೈರಿಗೆ ಹಾಕುವುದು, ತೋಟಕ್ಕೆ ನೀರು ಬಿಡುವುದು, ಮಕ್ಕಳನ್ನು ಶಾಲೆಯಿಂದ ಕರೆತರುವುದು, ಹೊಸಕೋಟೆಯಿಂದ ಔಷಧಿ ತರುವುದು, ಇವೆಲ್ಲ ಆ ಮನೆಯಲ್ಲಿ ನಿಂತುಹೋಗಿರುವ ಕೆಲಸಗಳು. ಒಂದು ವಾರ ಹಾಲು ಹಾಕಿಕೊಟ್ಟವನಿಗೆ ಮುಖ ನೋಡಲಿಲ್ಲವೆಂಬ ಕೊರತೆ ಉಳಿಯುವುದಿಲ್ಲ. ಅವನು ಕೊಟ್ಟದ್ದು ಭೇಟಿಗಿಂತ ದೊಡ್ಡದೆಂದು ಅವನಿಗೂ ಗೊತ್ತು, ಊರಿಗೂ ಗೊತ್ತು.

ದೂರವಾಣಿಯ ಕರೆಯೂ ಒಂದು ಭೇಟಿಯೇ. ದಿನಕ್ಕೆ ಇಪ್ಪತ್ತು ಸಲ ಅದೇ ಶಸ್ತ್ರಚಿಕಿತ್ಸೆಯ ಕಥೆಯನ್ನು ಹೇಳುವುದು ಇಪ್ಪತ್ತು ಜನ ಬಂದುದಕ್ಕೆ ಸಮ. ಮನೆಯವರೊಬ್ಬರು ಪ್ರತಿದಿನ ಸಂಜೆ ಬಂಧುಗಳಿಗೆಲ್ಲ ಎರಡು ಸಾಲಿನ ವರ್ತಮಾನವನ್ನು ಕಳುಹಿಸಿದರೆ ಕರೆಗಳು ತಾವಾಗಿಯೇ ಕಡಮೆಯಾಗುತ್ತವೆ. ಸುದ್ದಿ ತಿಳಿಯದವನೇ ಬಾಗಿಲಿಗೆ ಬರುವವನು.

ಆದರೂ ಕೆಲವರನ್ನು ಮರಳಿಸಕೂಡದು. ಕೋಲಾರದ ಆಚೆಯಿಂದ ಎರಡು ಬಸ್ಸು ಬದಲಾಯಿಸಿ ಬಂದ ಎಂಬತ್ತರ ಸೋದರತ್ತೆಗೆ ಭಾನುವಾರ ಬನ್ನಿ ಎನ್ನುವುದು ಕ್ರೌರ್ಯ. ಆಕೆಯನ್ನು ಒಳಗೆ ಕರೆದೊಯ್ದು, ರೋಗಿಯ ಕಣ್ಣಿಗೆ ಎದುರಾಗಿ, ಹಾಸಿಗೆಯಿಂದ ದೂರದಲ್ಲಿ ಮಣೆ ಹಾಕಿ ಐದು ನಿಮಿಷ ಕೂರಿಸಿದರೆ ಸಾಕು. ಅಂಥವರು ಬಹುಶಃ ಮಾತನಾಡುವುದೇ ಇಲ್ಲ, ಕೈ ಹಿಡಿದು ಕುಳಿತಿರುತ್ತಾರೆ. ರೋಗಿಯೇ ವೃದ್ಧನಾದರೆ ಮತ್ತೊಂದು ವಿಚಾರವಿದೆ. ಶಸ್ತ್ರಚಿಕಿತ್ಸೆಯ ನಂತರದ ಮೊದಲ ದಿನಗಳಲ್ಲಿ ವಯಸ್ಸಾದವರಿಗೆ ಬುದ್ಧಿ ಕಲಕಿ, ಹಗಲು ರಾತ್ರಿ ತಿಳಿಯದೆ, ಮನೆಯವರನ್ನೇ ಗುರುತಿಸದಂತಾಗುವುದುಂಟು. ಆಗ ಪರಿಚಿತ ಮುಖವೊಂದು ಹತ್ತಿರವಿರುವುದೂ, ಪರಿಚಿತ ದನಿಯೊಂದು ಮೆಲ್ಲಗೆ ಮಾತನಾಡುತ್ತಿರುವುದೂ ಚಿಕಿತ್ಸೆಯ ಭಾಗವೆಂದೇ ವೈದ್ಯರು ಹೇಳುತ್ತಾರೆ. ಅಲ್ಲಿ ತಡೆಯಬೇಕಾದದ್ದು ಗುಂಪನ್ನು, ಬೇಕಾದದ್ದು ಒಬ್ಬರನ್ನು. ಹಾಗೆಯೇ, ಗಂಡನನ್ನು ಕಳೆದುಕೊಂಡು ಒಬ್ಬಳೇ ಇರುವ ಹೆಂಗಸಿಗೆ ಶಸ್ತ್ರಚಿಕಿತ್ಸೆಯಾದರೆ, ಬಾಗಿಲು ಕಾಯುವವರ ಪ್ರಶ್ನೆಯೇ ಏಳುವುದಿಲ್ಲ. ಆಕೆಗೆ ಬರುವವರು ಬೇಕು, ಬಂದು ಒಲೆ ಹಚ್ಚುವವರು ಬೇಕು.

ಗೊತ್ತುಮಾಡಿದ ಭಾನುವಾರ ಬಂದಾಗ ರೋಗಿಯು ಸಂಜೆ ಜಗುಲಿಗೆ ಬಂದು ಕುರ್ಚಿಯ ಮೇಲೆ ಕೂರಲಿ. ಡೈರಿಗೆ ಹಾಲು ಹಾಕಿ ಹಿಂದಿರುಗುವವರು, ಹಿಂದೆ ಬಾಗಿಲಿನಿಂದ ಮರಳಿದವರು, ಒಬ್ಬೊಬ್ಬರಾಗಿ ನಿಂತು ಮಾತನಾಡಿಸಿಕೊಂಡು ಹೋಗಲಿ. ಕತ್ತಲಾಗುತ್ತಲೆ ಒಳಗೆ ಕರೆದುಕೊಳ್ಳುವ ಹೊಣೆಯು ಜಗುಲಿಯ ಮೇಲಿನ ಹಿರಿಯರದೇ. ರೋಗಿಯು ಗೃಹಿಣಿಯಾಗಿದ್ದರೆ ಆ ಸಂಜೆಯ ಕಾಫಿಯನ್ನೂ ಆಕೆ ಮಾಡಕೂಡದು. ಆಗಿರುವುದು ಎರಡು ವಾರ, ಹೇಳಿದ್ದು ಆರು.